ಚಿಕ್ಕ ಹಳಿಯ ರೈಲು: ಅದರ ಚರಿತ್ರೆ ಮತ್ತು ನಮಗೊಂದು ಪಾಠ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಅಧ್ಯಕ್ಷರು ಹೇಳಿದಾಗ ನನಗೆ ದಿಗಿಲಾಯಿತು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಹಸು, ಹುಲ್ಲು, ಗದ್ದೆ ಬಿಟ್ಟರೆ ಸಂಘದ ಮೀಟಿಂಗು, ಇಷ್ಟೇ ನನ್ನ ಪ್ರಪಂಚ. "ಸಂಘದ ಚರಿತ್ರೆ ಕಾರ್ಯದರ್ಶಿಗಳು ಬರೀತಾರೆ, ನೀವು ನಿಮಗೆ ಗೊತ್ತಿರೋದು ಏನಾದ್ರೂ ಬರೀರಿ" ಅಂದರು. ನನಗೆ ಚಿಕ್ಕಂದಿನಿಂದ ರೈಲಿನ ಹುಚ್ಚು. ಅದನ್ನೇ ಬರೆದಿದ್ದೇನೆ. ರೈಲಿಗೂ ನಮ್ಮ ಡೈರಿಗೂ ಏನು ಸಂಬಂಧ ಅಂತ ಯಾರೂ ನಗಬಾರದು. ಸಂಬಂಧ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಮಗಳ ಓದಿನ ಸಲುವಾಗಿ ನಾವು ಎರಡು ವರ್ಷದಿಂದ ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಬೆಳಗಿನ ಜಾವ ಹಾಲು ಕರೆಯಲು ನಾನು ಊರಿಗೆ ಹೊರಡುವ ಹೊತ್ತಿಗೆ ಬೀದಿಯಲ್ಲಿ ಸದ್ದಿರುವುದಿಲ್ಲ. ಆಗ ಅಶೋಕಪುರಂ ಕಡೆಯಿಂದ ರೈಲಿನ ಕೂಗು ಕೇಳುತ್ತದೆ. ಅದು ನಂಜನಗೂಡು, ಚಾಮರಾಜನಗರದ ದಾರಿ. ನನ್ನ ಬಾಲ್ಯದಲ್ಲಿ ಆ ದಾರಿಯಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ರೈಲು. ಈಗಿನ ಹುಡುಗರಿಗೆ ಗೇಜು ಅಂದರೆ ಏನು ಅಂತಲೇ ಗೊತ್ತಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಗೇಜು ಎಂದರೇನು?

ಎರಡು ಕಂಬಿಗಳ ನಡುವಿನ ಅಂತರಕ್ಕೆ ಗೇಜು ಎನ್ನುತ್ತಾರೆ. ಎತ್ತಿನ ಗಾಡಿಯ ಎರಡು ಚಕ್ರದ ನಡುವಿನ ಅಳತೆ ಇದ್ದ ಹಾಗೆ ಅಂತ ತಿಳಿಯಿರಿ. ಇಂಗ್ಲೆಂಡಿನಲ್ಲಿ ಮೊದಲು ಬಳಕೆಗೆ ಬಂದು ಪ್ರಪಂಚದ ಬಹುಪಾಲಿಗೆ ಹರಡಿದ ಅಳತೆ 4 ಅಡಿ 8½ ಅಂಗುಲ. ಇದು ಸ್ಟ್ಯಾಂಡರ್ಡ್ ಗೇಜ್. ಬೆಂಗಳೂರಿನ ನಮ್ಮ ಮೆಟ್ರೋ ಓಡುವುದು ಇದರಲ್ಲೇ. ಅದಕ್ಕಿಂತ ಅಗಲವಾದದ್ದು ಬ್ರಾಡ್ ಗೇಜ್. ನಮ್ಮ ದೇಶದ್ದು 5 ಅಡಿ 6 ಅಂಗುಲ. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಇದು ತೀರ್ಮಾನವಾಗಿ, 1853ರಲ್ಲಿ ಮುಂಬಯಿಯಿಂದ ಠಾಣೆಗೆ ಹೋದ ನಮ್ಮ ಮೊದಲ ಪ್ರಯಾಣಿಕರ ರೈಲು ಇದೇ ಅಳತೆಯ ಹಳಿಯ ಮೇಲೆ ಓಡಿತು.

ಸ್ಟ್ಯಾಂಡರ್ಡ್ ಗೇಜಿಗಿಂತ ಕಿರಿದಾದದ್ದನ್ನೆಲ್ಲ ಹೊರದೇಶಗಳಲ್ಲಿ ನ್ಯಾರೋ ಗೇಜ್ ಎನ್ನುತ್ತಾರೆ. ನಮ್ಮಲ್ಲಿ ಮಾತ್ರ ಒಂದು ಮೀಟರಿನದನ್ನು ಮೀಟರ್ ಗೇಜ್ ಎಂದು ಬೇರೆ ಇಟ್ಟು, 2 ಅಡಿ 6 ಅಂಗುಲ ಮತ್ತು 2 ಅಡಿಯವನ್ನು ನ್ಯಾರೋ ಗೇಜ್ ಎಂದು ಕರೆದರು.

ಕಂಬಿ ಹತ್ತಿರ ಇಟ್ಟರೆ ಏನು ಲಾಭ? ಹೊಲಕ್ಕೆ ದಾರಿ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಏರಿ ಅಗಲ ಬೇಕಿಲ್ಲ, ಆದ್ದರಿಂದ ಮಣ್ಣಿನ ಕೆಲಸ ಕಮ್ಮಿ. ಸೇತುವೆ ಸಣ್ಣದು, ಕಂಬಿಯ ತೂಕ ಕಮ್ಮಿ. ಬೆಟ್ಟ ಅಡ್ಡ ಬಂದರೆ ಕೊರೆಯುವ ಬದಲು ಸುತ್ತಿಕೊಂಡು ಹೋಗಬಹುದು, ಏಕೆಂದರೆ ಸಣ್ಣ ಗಾಡಿ ಬಿಗಿಯಾದ ತಿರುವಿನಲ್ಲೂ ತಿರುಗುತ್ತದೆ. ಒಟ್ಟಿನಲ್ಲಿ ಖರ್ಚು ಕಮ್ಮಿ. ನಷ್ಟ ಏನು? ವೇಗ ಕಮ್ಮಿ, ಹೊರೆ ಕಮ್ಮಿ. ಇನ್ನೊಂದು ದೊಡ್ಡ ನಷ್ಟವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಪ್ರಪಂಚದಲ್ಲಿ ಅದು ಬೆಳೆದ ಬಗೆ

ಬ್ರಿಟನ್ನಿನ ವೇಲ್ಸ್ ಎಂಬ ಗುಡ್ಡಗಾಡು ನಾಡಿನಲ್ಲಿ ಫೆಸ್ಟಿನಿಯಾಗ್ ಎಂಬ ರೈಲು 1836ರಲ್ಲಿ ಶುರುವಾಯಿತು. ಹಳಿಯ ಅಗಲ ಎರಡಡಿಗೂ ಅರ್ಧ ಅಂಗುಲ ಕಮ್ಮಿ. ಗಣಿಯಿಂದ ಬಂದರಿಗೆ ಚಪ್ಪಡಿ ಕಲ್ಲು ಸಾಗಿಸುವುದು ಅದರ ಕೆಲಸ. ಇಳಿಜಾರಿನಲ್ಲಿ ಗಾಡಿಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು, ಖಾಲಿ ಗಾಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಇಷ್ಟು ಸಣ್ಣ ಹಳಿಗೆ ಉಗಿ ಎಂಜಿನ್ ಆಗದು ಅಂದವರಿದ್ದರು. 1863ರಲ್ಲಿ ಅಲ್ಲಿ ಉಗಿ ಎಂಜಿನ್ ಓಡಿಸಿಯೇ ಬಿಟ್ಟರು. 1870ರಲ್ಲಿ ಫೇರ್ಲಿ ಎಂಬುವರು ಮಾಡಿದ ಜೋಡಿ ಎಂಜಿನ್ನನ್ನು ನೋಡಲು ದೇಶದೇಶದ ಎಂಜಿನಿಯರುಗಳು ಹೋಗಿದ್ದರು.

ಆದರೆ ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಇರಲಿಲ್ಲ. ಬರೋಡದ ಗಾಯಕವಾಡ ಮಹಾರಾಜರು 1862ರಲ್ಲೇ ದಭೋಯಿ ಮತ್ತು ಮಿಯಾಗಾಮ್ ನಡುವೆ 2 ಅಡಿ 6 ಅಂಗುಲದ ಹಳಿ ಹಾಕಿಸಿದರು. ಅದನ್ನು ಮೊದಮೊದಲು ಎಳೆದದ್ದು ಯಾರು ಗೊತ್ತೆ? ಎತ್ತುಗಳು! ಎಂಜಿನ್ನುಗಳ ಓಡಾಟ ಆಮೇಲೆ ಬಂತು. ರೈಲ್ವೆ ಚರಿತ್ರೆಯಲ್ಲಿ ನಮ್ಮ ಬಸವಣ್ಣನಿಗೂ ಒಂದು ಜಾಗ ಇದೆ ಎಂದು ರೈತರಾದ ನಾವು ಹೆಮ್ಮೆಪಡಬಹುದು.

ಬೆಟ್ಟದ ರೈಲುಗಳ ಸಂಗತಿ ಹಲವರಿಗೆ ಗೊತ್ತು. ಡಾರ್ಜಿಲಿಂಗ್ ರೈಲು 1881ರಲ್ಲಿ ಬಂತು, ಅದು ಎರಡಡಿಯದು. ಕಾಲ್ಕಾ–ಶಿಮ್ಲಾ ರೈಲು 1903ರದು, ಎರಡೂವರೆ ಅಡಿಯದು. ನಮ್ಮವರು ಮೈಸೂರಿನಿಂದ ಊಟಿಗೆ ಹೋದಾಗ ಹತ್ತುವ ಪುಟ್ಟ ರೈಲನ್ನು ನ್ಯಾರೋ ಗೇಜ್ ಅಂದುಕೊಳ್ಳುತ್ತಾರೆ. ಅದು ಮೀಟರ್ ಗೇಜ್. 1899ರಲ್ಲಿ ಮೇಟುಪಾಳ್ಯದಿಂದ ಕೂನೂರಿಗೂ 1908ರಲ್ಲಿ ಊಟಿಗೂ ತಲುಪಿತು. ಈ ಮೂರನ್ನೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನನ್ನ ಮನಸ್ಸಿಗೆ ಹಿಡಿಸಿದ್ದು ಮಾತ್ರ ಬಯಲುಸೀಮೆಯ ಒಂದು ರೈಲು. ಮಹಾರಾಷ್ಟ್ರದ ಬಾರ್ಸಿ ಲೈಟ್ ರೈಲ್ವೆ, 1897ರಲ್ಲಿ ಶುರುವಾದದ್ದು. ಮುಂದೆ ಇದು ಪಂಢರಾಪುರಕ್ಕೂ ಮುಟ್ಟಿ ವಿಠಲನ ಭಕ್ತರಿಗೆ ಬೇಕಾದ ರೈಲಾಯಿತು. ಅದನ್ನು ಕಟ್ಟಿದ ಕ್ಯಾಲ್‌ಥ್ರಾಪ್ ಎಂಬ ಎಂಜಿನಿಯರು ಒಂದು ಲೆಕ್ಕ ಹಾಕಿದರು. ಎಂಜಿನ್ ಇರಲಿ, ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು, ಎಲ್ಲ ಅಚ್ಚುಗಳೂ ಭಾರವನ್ನು ಸಮವಾಗಿ ಹೊರಬೇಕು. ಹೀಗೆ ಮಾಡಿದ್ದರಿಂದ ಗಜಕ್ಕೆ 30 ಪೌಂಡು ತೂಕದ ತೆಳು ಕಂಬಿಯ ಮೇಲೆ ಭಾರಿ ಸಾಮಾನು ಸಾಗಿತು. ಒಬ್ಬನ ಮೇಲೆ ಹೊರೆ ಹಾಕಿದರೆ ಕಂಬಿ ಮುರಿಯುತ್ತೆ, ಎಲ್ಲರೂ ಸಮನಾಗಿ ಹೊತ್ತರೆ ತೆಳು ಕಂಬಿಯೂ ತಡೆಯುತ್ತೆ. ಸಹಕಾರ ತತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮೈಸೂರು ಸೀಮೆಗೆ ರೈಲು ಬಂದದ್ದು

1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ಬ್ರಾಡ್ ಗೇಜ್ ರೈಲು ಬಂತು. ಮೈಸೂರಿಗೆ ಬರಲಿಲ್ಲ. ಆಮೇಲೆ 1876ರಿಂದ 78ರವರೆಗೆ ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ ಘೋರ ಕ್ಷಾಮ. ಲಕ್ಷಾಂತರ ಜನ ಸತ್ತರು. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಒಯ್ಯಲು ಎತ್ತಿನ ಗಾಡಿಯೇ ಗತಿ. ಎತ್ತುಗಳಿಗೇ ಮೇವಿಲ್ಲದ ಕಾಲದಲ್ಲಿ ಗಾಡಿ ಎಳೆಯುವವರು ಯಾರು? ರೈಲು ಊರೂರಿಗೆ ಬೇಕು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಆದರೆ ಬ್ರಾಡ್ ಗೇಜ್ ಹಾಕಲು ಭಾರಿ ಹಣ ಬೇಕು. ಅದಕ್ಕಾಗಿಯೇ ವೈಸರಾಯ್ ಲಾರ್ಡ್ ಮೇಯೋ ಕಾಲದಲ್ಲಿ, 1870ರ ಹೊತ್ತಿಗೆ, ಮೀಟರ್ ಗೇಜ್ ಎಂಬ ಅಗ್ಗದ ಅಳತೆ ನಿಶ್ಚಯವಾಗಿತ್ತು. ಮೈಸೂರು ಸಂಸ್ಥಾನ ಅದನ್ನೇ ಹಿಡಿಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಮೇಲೆ 1882ರಲ್ಲಿ ಮೈಸೂರಿಗೆ ಮೀಟರ್ ಗೇಜ್ ರೈಲು ತಲುಪಿತು. ದಿವಾನ್ ರಂಗಾಚಾರ್ಲು ಅವರ ಕಾಲ ಅದು. 1891ರಲ್ಲಿ ನಂಜನಗೂಡಿಗೂ, 1920ರ ದಶಕದಲ್ಲಿ ಚಾಮರಾಜನಗರಕ್ಕೂ ಹಳಿ ಮುಂದುವರಿಯಿತು. ಅಶೋಕಪುರಂನ ರೈಲ್ವೆ ಕಾರ್ಖಾನೆ 1924ರದು. ಅದೂ ಈ ಮೀಟರ್ ಗೇಜಿನ ಎಂಜಿನ್ನು, ಡಬ್ಬಿಗಳ ದುರಸ್ತಿಗೆ ಹುಟ್ಟಿದ್ದೇ.

ಕೋಲಾರದವರ ಚಿಕ್ಕ ರೈಲು

ಈಗ ನಿಜವಾದ ನ್ಯಾರೋ ಗೇಜಿಗೆ ಬರೋಣ. ಮದರಾಸಿನ ದೊಡ್ಡ ರೈಲು ಕೋಲಾರ ಪಟ್ಟಣವನ್ನು ಮುಟ್ಟದೆ ಹತ್ತು ಹನ್ನೆರಡು ಮೈಲಿ ಆಚೆ ಬೌರಿಂಗ್‌ಪೇಟೆಯ ಮೇಲೆ, ಅಂದರೆ ಈಗಿನ ಬಂಗಾರಪೇಟೆಯ ಮೇಲೆ ಹೋಗಿತ್ತು. ಜಿಲ್ಲಾ ಕೇಂದ್ರಕ್ಕೇ ರೈಲಿಲ್ಲ. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳಿಗಂತೂ ಇಲ್ಲವೇ ಇಲ್ಲ.

ಆಗ ಆ ಸೀಮೆಯವರು ದೊಡ್ಡ ರೈಲು ಬರಲಿ ಅಂತ ಕಾದು ಕೂರಲಿಲ್ಲ. ತಮ್ಮ ಶಕ್ತಿಗೆ ತಕ್ಕ ರೈಲು ಮಾಡಿಕೊಂಡರು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 2 ಅಡಿ 6 ಅಂಗುಲದ ರೈಲು ಓಡಿತು. ಅದರ ಹಿಂದೆ ಕೋಲಾರದ ಜಿಲ್ಲಾ ಬೋರ್ಡು ಇತ್ತು. ಜಿಲ್ಲಾ ಬೋರ್ಡಿನ ಹಣ ಅಂದರೆ ಕಂದಾಯದ ಜೊತೆಗೆ ರೈತರು ಕಟ್ಟುತ್ತಿದ್ದ ಸೆಸ್ಸೇ ಮುಖ್ಯವಾದದ್ದು. ಇತ್ತ ಬೆಂಗಳೂರಿನ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ ಎಂದು ಷೇರು ಕೂಡಿಸಿ ಕಂಪನಿ ಕಟ್ಟಿದರು. ಸಂಸ್ಥಾನದ ಸರ್ಕಾರವೂ ಒತ್ತಾಸೆಯಾಗಿ ನಿಂತಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. 1915ರಲ್ಲಿ ಯಲಹಂಕ, ದೇವನಹಳ್ಳಿ, ನಂದಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ರೈಲು ಹೋಯಿತು. ಮುಂದೆ ಕೆಲವೇ ವರ್ಷದಲ್ಲಿ ಎರಡು ಕಡೆಯ ಹಳಿಗಳೂ ಕೂಡಿಕೊಂಡವು. ಯಲಹಂಕದಿಂದ ಬಂಗಾರಪೇಟೆಗೆ ಸುಮಾರು 150 ಕಿಲೋಮೀಟರ್ ಉದ್ದದ ಚಿಕ್ಕ ರೈಲು ದಾರಿ ಆಯಿತು.

ಕಾಲವನ್ನು ಗಮನಿಸಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಸಹಕಾರ ಸಂಘಗಳ ಕಾಯಿದೆ ಬಂತು. ಸಣ್ಣ ಸಣ್ಣ ದುಡ್ಡು ಸೇರಿದರೆ ದೊಡ್ಡ ಕೆಲಸ ಆಗುತ್ತೆ ಎಂಬ ನಂಬಿಕೆ ಹುಟ್ಟಿದ ಕಾಲ. ಸಂಘವೂ, ಚಿಕ್ಕ ರೈಲೂ ಒಂದೇ ಗಾಳಿಯಲ್ಲಿ ಬೆಳೆದ ಮಕ್ಕಳು.

ಮಲೆನಾಡಿನಲ್ಲೂ ಇಂಥದೊಂದು ಇತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿಯ ಹಳಿ, ಸುಮಾರು 27 ಮೈಲಿ. ಕಾಡಿನೊಳಗೆ ನುಗ್ಗಿ ಹೋಗುತ್ತಿದ್ದ ರೈಲು ಅದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಬಂದ ಮೇಲೆ ಆ ಸೀಮೆಯ ನಕ್ಷೆಯೇ ಬದಲಾಯಿತು. ಇವತ್ತು ಆ ರೈಲಿಲ್ಲ.

ನಾನು ಕಂಡ ಚಿಕ್ಕ ರೈಲು

1980ರ ದಶಕದ ಕೊನೆ. ನನಗೆ ಹತ್ತು ವರ್ಷವಿರಬಹುದು. ರೇಷ್ಮೆಗೂಡಿನ ವ್ಯವಹಾರದಲ್ಲಿ ನಮ್ಮಪ್ಪನಿಗೆ ಪರಿಚಯವಾಗಿದ್ದ ಶಿಡ್ಲಘಟ್ಟದವರೊಬ್ಬರ ಮನೆಯಲ್ಲಿ ಮದುವೆ. ಅಪ್ಪ ನನ್ನನ್ನೂ ಕರೆದುಕೊಂಡು ಹೊರಟರು. ಬರಿಗೈಯಲ್ಲಿ ಹೋಗಬಾರದು ಅಂತ ಒಂದು ಮೂಟೆ ತೆಂಗಿನಕಾಯಿ. ಮೈಸೂರಿನಿಂದ ಬೆಂಗಳೂರಿಗೆ ಮೀಟರ್ ಗೇಜ್ ರೈಲು. ಅಲ್ಲಿ ಮೂಟೆ ಇಳಿಸಿದ್ದಾಯಿತು. ಯಲಹಂಕಕ್ಕೆ ಬಸ್ಸು. ಅಲ್ಲಿ ಮತ್ತೆ ಮೂಟೆ ಹತ್ತಿಸು, ಇಳಿಸು. ಆಮೇಲೆ ಚಿಕ್ಕ ರೈಲು.

ಅದನ್ನು ನೋಡಿ ನಾನು ನಕ್ಕುಬಿಟ್ಟೆ. ಆಟದ ಸಾಮಾನಿನ ಹಾಗಿತ್ತು. ಎದುರುಬದುರು ಕೂತವರ ಮೊಣಕಾಲು ತಗಲುತ್ತಿತ್ತು. ಹಳ್ಳಿಯವರು ಸೊಪ್ಪಿನ ಹೊರೆ, ಕೋಳಿ, ಬುತ್ತಿ ಸಮೇತ ಹತ್ತುತ್ತಿದ್ದರು. ಎಲ್ಲರೂ ಎಲ್ಲರಿಗೂ ಗೊತ್ತು. ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. "ಅಪ್ಪಾ, ಬಸ್ಸಲ್ಲೇ ಹೋಗಬೋದಿತ್ತು ಅಲ್ವಾ?" ಅಂದೆ. ಪಕ್ಕದಲ್ಲಿದ್ದ ಮುದುಕರೊಬ್ಬರು, "ಬಸ್ಸು ಮೊನ್ನೆ ಬಂದದ್ದು ಮಗಾ, ಇದು ನಮ್ಮ ತಾತನ ಕಾಲದಿಂದ ಬತ್ತಾ ಐತೆ" ಅಂದರು. ಅಪ್ಪ ಮಾತ್ರ ಭುಜ ತಿಕ್ಕಿಕೊಳ್ಳುತ್ತಾ, "ರೈಲು ಚೆನ್ನಾಗೇ ಐತೆ ಕಣೋ. ಈ ಇಳಿಸೋದು ಹತ್ತಿಸೋದೇ ಸಾಯಿಸ್ತು" ಅಂದರು.

ಆಗ ನನಗೆ ತಿಳಿಯಲಿಲ್ಲ. ಈಗ ಯೋಚಿಸಿದರೆ ನ್ಯಾರೋ ಗೇಜಿನ ಇಡೀ ಚರಿತ್ರೆ ಅಪ್ಪನ ಆ ಒಂದು ಮಾತಿನಲ್ಲೇ ಇದೆ.

ಚಿಕ್ಕ ರೈಲು ಏಕೆ ಹೋಯಿತು?

ಮೊದಲು ಒಂದು ನಷ್ಟವನ್ನು ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇದೇ. ಆ ದಾರಿಯ ಒಂದು ತುದಿ ಬಂಗಾರಪೇಟೆ. ಅಲ್ಲಿ ಬ್ರಾಡ್ ಗೇಜ್. ಇನ್ನೊಂದು ತುದಿ ಯಲಹಂಕ. ಅಲ್ಲಿ ಹಿಂದೆ ಮೀಟರ್ ಗೇಜ್ ಇತ್ತು. ನಡುವೆ ನ್ಯಾರೋ ಗೇಜ್. ಚಿಂತಾಮಣಿಯಲ್ಲಿ ತುಂಬಿದ ಒಂದು ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದು ಡಬ್ಬಿಗೆ ಹತ್ತಿಸಲೇಬೇಕು. ಕೂಲಿ ಖರ್ಚು, ತಡ, ಒಡೆದದ್ದು ಸೋರಿದ್ದು ಬೇರೆ. ಲಾರಿ ಬಂದ ಮೇಲೆ ವ್ಯಾಪಾರಿಗಳು ಅಂಗಡಿ ಬಾಗಿಲಲ್ಲೇ ತುಂಬಿ ಮಂಡಿ ಬಾಗಿಲಲ್ಲೇ ಇಳಿಸತೊಡಗಿದರು. ಬಸ್ಸು ಬಂದ ಮೇಲೆ ಅವಸರದವರು ಬಸ್ಸು ಹತ್ತಿದರು. ಚಿಕ್ಕ ರೈಲಿಗೆ ಉಳಿದವರು ಹೊರೆ ಇದ್ದವರು, ದುಡ್ಡು ಕಮ್ಮಿ ಇದ್ದವರು.

1992ರಲ್ಲಿ ರೈಲ್ವೆಯವರು ಏಕರೂಪ ಗೇಜಿನ ಯೋಜನೆ ಹಿಡಿದರು. ದೇಶಕ್ಕೆಲ್ಲ ಒಂದೇ ಅಳತೆ ಆಗಲಿ ಎಂಬ ಉದ್ದೇಶ. ಉದ್ದೇಶ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಬೆಂಗಳೂರು–ಮೈಸೂರು ದಾರಿ ಬ್ರಾಡ್ ಗೇಜ್ ಆಯಿತು. 2008ರ ಹೊತ್ತಿಗೆ ನಮ್ಮ ಚಾಮರಾಜನಗರದ ದಾರಿಯೂ ಆಯಿತು. ಇವತ್ತು ಮೈಸೂರಿನಲ್ಲಿ ಹತ್ತಿದವನು ಮೂಟೆ ಇಳಿಸದೆ ದೂರದ ರಾಜ್ಯಗಳಿಗೂ ಹೋಗುತ್ತಾನೆ.

ಕೋಲಾರದ ಕಡೆ ಏನಾಯಿತು? 1990ರ ದಶಕದಲ್ಲಿ ಒಂದು ತುದಿಯ ಯಲಹಂಕ–ಚಿಕ್ಕಬಳ್ಳಾಪುರ, ಇನ್ನೊಂದು ತುದಿಯ ಕೋಲಾರ–ಬಂಗಾರಪೇಟೆ ಹಳಿಗಳನ್ನು ಅಗಲ ಮಾಡಿದರು. ನಡುವಿನ ಚಿಕ್ಕಬಳ್ಳಾಪುರ–ಕೋಲಾರದ ಚಿಕ್ಕ ರೈಲೂ ನಿಂತಿತು. ಆದರೆ ಅಲ್ಲಿ ಹೊಸ ರೈಲು ಬಂದದ್ದು ಯಾವಾಗ? 2013ರ ನವೆಂಬರಿನಲ್ಲಿ! ಹದಿನೈದು ವರ್ಷಕ್ಕೂ ಮಿಕ್ಕಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದವರಿಗೆ ಚಿಕ್ಕದೂ ಇಲ್ಲ, ದೊಡ್ಡದೂ ಇಲ್ಲ. ಶಾಲೆಗೆ ಸೇರಿದ ಮಗು ಓದು ಮುಗಿಸುವಷ್ಟು ಕಾಲ. ಬಸ್ಸಿನ ಚಾರ್ಜು ಕೊಡಲಾರದವರು ಅಷ್ಟೂ ವರ್ಷ ಏನು ಮಾಡಿದರೋ! ತಮ್ಮ ತಾತಂದಿರು ಸೆಸ್ ಕಟ್ಟಿ, ಷೇರು ಹಾಕಿ ಮಾಡಿಕೊಂಡಿದ್ದ ರೈಲು ಅದು.

ಹಾಗಾದರೆ ಚಿಕ್ಕದೆಲ್ಲ ಸಾಯಲೇಬೇಕೆ? ಇಲ್ಲ. ವೇಲ್ಸಿನಲ್ಲಿ ಟಾಲಿಲಿನ್ ಎಂಬ ಚಿಕ್ಕ ರೈಲು ಮುಚ್ಚುವ ಸ್ಥಿತಿಗೆ ಬಂದಾಗ ರೈಲಿನ ಮೇಲೆ ಪ್ರೀತಿ ಇದ್ದ ಜನ 1950ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಚಂದಾ ಎತ್ತಿ, ತಾವೇ ಸಲಿಕೆ ಹಿಡಿದು, 1951ರಿಂದ ತಾವೇ ಓಡಿಸಿದರು. ಈ ರೀತಿ ಸ್ವಯಂಸೇವಕರ ಸಂಘ ಉಳಿಸಿಕೊಂಡ ರೈಲು ಪ್ರಪಂಚದಲ್ಲಿ ಅದೇ ಮೊದಲು. ನಾನು ಮೊದಲು ಹೇಳಿದ ಫೆಸ್ಟಿನಿಯಾಗ್ ಕೂಡ 1946ರಲ್ಲಿ ನಿಂತು, 1955ರಿಂದ ಇಂಥವರಿಂದಲೇ ಮತ್ತೆ ಓಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಎರಡಡಿ ಹಳಿಯ ರೈಲುಗಳು ರೈತರ ಗದ್ದೆಯ ಬದಿಯಿಂದ ಕಬ್ಬು ತುಂಬಿಕೊಂಡು ಸೀದಾ ಸಕ್ಕರೆ ಕಾರ್ಖಾನೆಯೊಳಕ್ಕೆ ಹೋಗುತ್ತವೆ. ನಡುವೆ ಇಳಿಸು ಹತ್ತಿಸು ಇಲ್ಲ. ಆದ್ದರಿಂದ ಅವು ಉಳಿದುಕೊಂಡಿವೆ.

ಅಂದರೆ ಚಿಕ್ಕ ರೈಲು ಹೋದದ್ದು ಬರೀ ಚಿಕ್ಕದೆಂಬ ಕಾರಣಕ್ಕಲ್ಲ. ದೊಡ್ಡದರ ಜೊತೆ ಸರಿಯಾಗಿ ಕೂಡಿಕೊಳ್ಳಲು ಆಗದ್ದಕ್ಕೆ. ಅದು ಹೋದಾಗ ಜನ ಕಷ್ಟಪಟ್ಟದ್ದು ಹೊಸದು ಬಂದದ್ದಕ್ಕಲ್ಲ. ಹೊಸದು ಬರುವ ಮೊದಲೇ ಹಳೆಯದು ನಿಂತದ್ದಕ್ಕೆ.

ಈಗ ನಮ್ಮ ಸಂಘದ ಮಾತು

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಒಂದು ವಿಷಯ ಬಂದದ್ದು ಎಲ್ಲರಿಗೂ ನೆನಪಿದೆ. ನಮ್ಮದು ಚಿಕ್ಕ ಸಂಘ. ಪಕ್ಕದ ಊರಿನ ಸಂಘದಲ್ಲಿ ಬಲ್ಕ್ ಕೂಲರ್ ಇದೆ. ನಮ್ಮಲ್ಲಿ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಸದಸ್ಯರೆಲ್ಲ ಅಲ್ಲಿಗೇ ಹೋಗಿ ಹಾಲು ಹಾಕಿದರೆ ಖರ್ಚು ಉಳಿಯುತ್ತೆ, ಹಾಲು ಕೆಡುವುದೂ ತಪ್ಪುತ್ತೆ ಎಂಬ ಸಲಹೆ. ಆವತ್ತು ಪರವಾಗಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮುಚ್ಚಿಡುವುದಿಲ್ಲ. ನನಗೆ ಬೈಕಿದೆ, ಎರಡು ಕ್ಯಾನು ಕಟ್ಟಿಕೊಂಡು ಹೋದರೆ ಐದು ನಿಮಿಷದ ದಾರಿ.

ಸಭೆ ಮುಗಿದ ಮೇಲೆ ಒಂದೇ ಹಸು ಇಟ್ಟುಕೊಂಡಿರುವ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, "ಅಲ್ಲ ಕಣಪ್ಪ, ಈ ಎರಡು ಲೀಟ್ರು ಹಾಲ ಎರಡೊತ್ತೂ ಅಲ್ಲಿಗಂಟ ಯಾರು ಹೊತ್ಕೊಂಡೋಗ್ತಾರೆ? ನಿಂಗಾದ್ರೆ ಗಾಡಿ ಐತೆ" ಅಂದರು. ನಾನು ಉತ್ತರ ಕೊಡದೆ ಬಂದೆ. ವಿಷಯವನ್ನು ಮುಂದಿನ ಮಹಾಸಭೆಗೆ ಇಟ್ಟಿದ್ದೇವೆ.

ಈ ಲೇಖನಕ್ಕಾಗಿ ರೈಲಿನ ಸಂಗತಿ ಕಲೆಹಾಕುತ್ತಾ ಹೋದಾಗ ನನಗೆ ಆ ಅಜ್ಜಿಯ ಮಾತೇ ಮತ್ತೆ ಮತ್ತೆ ನೆನಪಾಯಿತು. ಅವರು ಚಿಂತಾಮಣಿಯ ಸ್ಟೇಷನ್ನಿನಲ್ಲಿ ಮೂಟೆ ಇಟ್ಟುಕೊಂಡು ಬಾರದ ರೈಲಿಗೆ ಕಾಯುತ್ತಾ ಕೂತವರ ಹಾಗೆ ಕಂಡರು. ಆದ್ದರಿಂದ ನನ್ನ ಅಭಿಪ್ರಾಯ ಬದಲಾಗಿದೆ ಎಂದು ಈ ಸಂಚಿಕೆಯ ಮೂಲಕವೇ ತಿಳಿಸುತ್ತೇನೆ. ಬಲ್ಕ್ ಕೂಲರಿನ ಜೊತೆ ಸೇರುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಸೇರಲೇಬೇಕು. ಇಲ್ಲದಿದ್ದರೆ ನಾವೂ ನ್ಯಾರೋ ಗೇಜಿನ ಹಾಗೆ ಒಂಟಿಯಾಗುತ್ತೇವೆ. ಆದರೆ ಹಾಲು ಅಳೆಯುವುದು, ಪರೀಕ್ಷೆ ಮಾಡುವುದು, ಬಟವಾಡೆ ಕೊಡುವುದು ನಮ್ಮೂರಿನಲ್ಲೇ ಇರಲಿ. ಇಲ್ಲಿಂದ ಕೂಲರಿಗೆ ಕ್ಯಾನು ಸಾಗಿಸಲು ಎರಡು ಹೊತ್ತೂ ಒಂದು ವಾಹನ ಗೊತ್ತುಮಾಡಿ, ಆ ಖರ್ಚನ್ನು ಲೀಟರಿನ ಲೆಕ್ಕದಲ್ಲಿ ಎಲ್ಲರೂ ಹಂಚಿಕೊಳ್ಳೋಣ. ಹೆಚ್ಚು ಹಾಲಿನವರು ಹೆಚ್ಚು, ಕಮ್ಮಿ ಹಾಲಿನವರು ಕಮ್ಮಿ. ನನ್ನ ಪಾಲಿಗೆ ಅಜ್ಜಿಯದಕ್ಕಿಂತ ಹೆಚ್ಚೇ ಬೀಳುತ್ತದೆ, ಬೀಳಲಿ. ವಾಹನ ತಪ್ಪದೆ ಓಡಾಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಮುಂದಿನ ಮಾತು. ಹೊಸ ಕಂಬಿ ಹಾಕುವ ಮುಂಚೆ ಹಳೇ ಕಂಬಿ ಕೀಳುವುದು ಬೇಡ.

ಮೈಸೂರಿಗೆ ಬಂದಾಗ ಬಿಡುವಿದ್ದರೆ ಕೆ.ಆರ್.ಎಸ್. ರಸ್ತೆಯಲ್ಲಿರುವ ರೈಲ್ವೆ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ. 1979ರಲ್ಲಿ ತೆರೆದದ್ದು. ಮಹಾರಾಣಿಯವರ ಡಬ್ಬಿಯೂ ಇದೆ, ಹಳೆಯ ಉಗಿ ಎಂಜಿನ್ನುಗಳೂ ಇವೆ. ಮಕ್ಕಳು ಮಹಾರಾಣಿಯ ಡಬ್ಬಿ ನೋಡಲು ಓಡುತ್ತಾರೆ. ನೀವು ಹಳೇ ಎಂಜಿನ್ನಿನ ಹತ್ತಿರ ಒಂದು ಗಳಿಗೆ ನಿಂತು, ಅದು ಯಾರ ಯಾರ ಮೂಟೆ ಹೊತ್ತಿತ್ತೋ ಎಂದು ನೆನೆಯಿರಿ.

ಅಲ್ಪ ಓದಿನವನು ಬರೆದದ್ದು. ತಪ್ಪಿದ್ದರೆ ತಿಳಿದವರು ತಿದ್ದಬೇಕು.  ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.

ಜೈ ಸಹಕಾರ.

— ಸಂಘದ ನಿರ್ದೇಶಕರಲ್ಲೊಬ್ಬ
ಕುವೆಂಪುನಗರ, ಮೈಸೂರು